ಡಬರಿಗೆ ಸರಿಹೋದ ಹೆಲ್ಮೆಟ್

ಕಾಗದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೇರಿಂಗುಗಳೆಲ್ಲ ನನ್ನ ಸುಪರ್ದಿಯಲ್ಲಿದ್ದ ಕಾಲವದು. ಯಾವ ಶಾಫ್ಟಿಗೆ ಯಾವ ಬೇರಿಂಗ್ ಕೂರುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುತ್ತಿದ್ದೆ. ಇಂಥ ನನಗೆ ಒಂಬತ್ತು ವರ್ಷದ ಮಗಳಿಗೊಂದು ಸೈಕಲ್ ಹೆಲ್ಮೆಟ್ ತರುವುದು ಯಾವ ದೊಡ್ಡ ಕೆಲಸ? ತಲೆ ಗುಂಡಗಿದೆ. ಅದರ ಮೇಲೆ ಕೂರುವ ವಸ್ತುವೂ ಗುಂಡಗಿದೆ. ಮುಗಿಯಿತಲ್ಲ!

ಬಂಗೂರನಗರದ ನಮ್ಮ ಕ್ವಾರ್ಟರ್ಸಿನವರು ಸೇರಿ ಮಕ್ಕಳ ಸೈಕಲ್ ರೇಸ್ ಇಟ್ಟಿದ್ದರು. ಭಾನುವಾರ ಬೆಳಿಗ್ಗೆ, ಮೌಳಂಗಿಯ ದಾರಿಯಲ್ಲಿ ಒಂದಿಷ್ಟು ದೂರ ಹೋಗಿ ಬರುವುದು. ಸರಿಯಾಗಿ ಕೂರುವ ಹೆಲ್ಮೆಟ್ ಇಲ್ಲದ ಮಗುವಿಗೆ ಪ್ರವೇಶವಿಲ್ಲ ಎಂದು ನಿಯಮ. ಆಗ ದೊಡ್ಡವರೇ ಸ್ಕೂಟರಿನಲ್ಲಿ ಬರಿತಲೆಗೆ ಗಾಳಿ ಕುಡಿಸುತ್ತ ಓಡಾಡುತ್ತಿದ್ದರು, ಮಕ್ಕಳ ಹೆಲ್ಮೆಟ್ಟು ದಾಂಡೇಲಿಯ ಅಂಗಡಿಗಳಲ್ಲಿ ಎಲ್ಲಿಂದ ಬರಬೇಕು? ಮಗಳು ಸುಮಾ ಮಾತ್ರ ಶಾಲೆ ಬಿಟ್ಟೊಡನೆ ಸೈಕಲ್ ಏರಿ ಕತ್ತಲಾಗುವವರೆಗೂ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಅವಳ ಕಾಲುಗಳು ಪೆಡಲ್ ತುಳಿಯುತ್ತಿದ್ದವು.

"ಹುಬ್ಬಳ್ಳಿಗೆ ಹೋಗಿ ತರ್ತೇನಿ" ಎಂದೆ.

"ಆಕೀನ್ನೂ ಕರಕೊಂಡ ಹೋಗ್ರಿ" ಎಂದಳು ಹೆಂಡತಿ ಶಾರದಾ. "ತಲಿ ಆಕೀದು, ನಿಮ್ದಲ್ಲ."

"ಸಾಲಿ ಯಾಕ ತಪ್ಪಸ್ತಿ? ಅಳತಿ ಒಯ್ದರ ಸಾಕು."

ದಾರದಿಂದ ಅಳೆಯಬಹುದಿತ್ತು. ಆದರೆ ದಾರ ಜಗ್ಗಿದರೆ ಹಿಗ್ಗುತ್ತದೆ, ಸ್ಟೋರ್ಸಿನವನು ಅಂಥ ತಪ್ಪು ಮಾಡುವವನಲ್ಲ. ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ತಂದು ಮಗಳ ತಲೆಗೆ ಬೋರಲು ಹಾಕಿ ಪರೀಕ್ಷಿಸಿದೆ. ಹಾಲು ಕಾಯಿಸುವ ಡಬರಿ ಒಪ್ಪವಾಗಿ ಕೂತಿತು! ಆಗತಾನೇ ಶಾಲೆಯಿಂದ ಬಂದಿದ್ದ ಅವಳ ಎರಡು ಜಡೆಗಳು ಮಡಚಿ, ರಿಬ್ಬನ್ನು ಕಟ್ಟಿಸಿಕೊಂಡು ತಲೆಯ ಎರಡೂ ಬದಿಗೆ ಉಬ್ಬಿದ್ದವು. ನಾನು ಅವನ್ನೂ ಸೇರಿಸಿಯೇ ಅಳೆದಿದ್ದೆ.

ಶನಿವಾರ ರಜೆ ಹಾಕಿ, ಡಬರಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಅದನ್ನು ಗಾಜಿನ ಕೌಂಟರಿನ ಮೇಲೆ ಬೋರಲಿಟ್ಟು, "ಇದಕ್ಕೊಂದು ಹೆಲ್ಮೆಟ್ ತೋರಸ್ರಿ" ಎಂದೆ.

ಅಂಗಡಿಯವನು ಡಬರಿಯನ್ನು ನೋಡಿದ. ನನ್ನನ್ನು ನೋಡಿದ. "ಇದಕ್ಕ ಸೈಕಲ್ ಹೊಡಿಯಾಕ ಬರ್ತೈತೇನ್ರಿ?"

"ಮಗಳ ತಲಿ ಅಳತಿರೀ ಅದು."

"ಹುಡುಗೀನ್ನ ಕರಕೊಂಡ ಬರ್ರಿ ಸಾಹೇಬ್ರ. ಡಬರಿಗೆ ಕಿವಿ ಇಲ್ಲ, ಗದ್ದ ಇಲ್ಲ. ಪಟ್ಟಿ ಎಲ್ಲಿ ಬಿಗೀಲಿ?"

ನಾನು ಕೇಳಿಸಿಕೊಳ್ಳಲಿಲ್ಲ. ಒಂದು ಕೆಂಪು ಹೆಲ್ಮೆಟ್ಟು ಡಬರಿಯ ಮೇಲೆ ಹೇಳಿ ಮಾಡಿಸಿದಂತೆ ಕೂತಿತ್ತು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ! ಆದರೆ ನಮ್ಮ ಮನೆತನದಲ್ಲಿ ಬೆಳೆಯುವ ಮಗುವಿಗೆ ಅಳತೆಗೆ ಸರಿಯಾದ ವಸ್ತು ಕೊಂಡ ಇತಿಹಾಸವೇ ಇಲ್ಲ. ಬೂಟಿನ ತುದಿಗೆ ಹತ್ತಿ ತುರುಕಿಕೊಂಡು, ಅಂಗಿಯ ತೋಳು ಮಡಚಿಕೊಂಡು ನಾವೆಲ್ಲ ದೊಡ್ಡವರಾದದ್ದು. ಕಾಲೇಜಿಗೆ ಹೋಗುವವರೆಗೂ ಬಾಳಿಕೆ ಬರಲಿ ಎಂದು ಒಂದು ನಂಬರ್ ದೊಡ್ಡದನ್ನೇ ಕಟ್ಟಿಸಿಕೊಂಡು ಬಂದೆ.

ಸಂಜೆ ಮಗಳು ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟುಕೊಂಡು ನಿಂತಿದ್ದಳು. ಹೆಲ್ಮೆಟ್ಟು ಹಾಕಿದೆ. ಅದು ಹಣೆಯಲ್ಲಿ ನಿಲ್ಲದೆ, ಹುಬ್ಬಿನಲ್ಲಿ ನಿಲ್ಲದೆ, ಸೀದಾ ಬಂದು ಮೂಗಿನ ಮೇಲೆ ಕೂತಿತು.

"ಅಪ್ಪಾ, ಕರೆಂಟ್ ಹೋತು!" ಎಂದು ಒಳಗಿನಿಂದ ಧ್ವನಿ ಬಂತು.

ಶಾರದಾ ಕೈಚೀಲದಿಂದ ಡಬರಿ ತೆಗೆದು ತೊಳೆಯಲು ಒಯ್ದಳು. ಅವಳು ಏನಾದರೂ ಅಂದರೆ ನನಗೆ ಧೈರ್ಯವಿರುತ್ತದೆ. ಸುಮಾ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು, "ನಾಳೆ ನಾ ಹೋಗ್ತೇನಿ ಹೌದಲ್ಲೋ ಅಪ್ಪಾ?" ಎಂದು ಕೇಳಿದಳು. "ಅದೆಂಥಾ ಪ್ರಶ್ನಿ!" ಎಂದು ಗದರಿದೆ.

ಬೆಳಿಗ್ಗೆ ಎದ್ದವನೇ ಹಳೆಯ ಕುರ್ಚಿಯ ಸ್ಪಂಜು ಕತ್ತರಿಸಿ, ಪಂಚರ್ ಸೊಲ್ಯೂಷನ್ನು ಧಾರಾಳವಾಗಿ ಬಳಿದು ಹೆಲ್ಮೆಟ್ಟಿನ ಒಳಗೆ ಅಂಟಿಸಿದೆ. ಸ್ಪಂಜು ಬಿಗಿಯಾಗಿ ಹಿಡಿಯಬೇಕಾದರೆ ಒಳಗಿನಿಂದ ಒತ್ತಬೇಕು. ಒತ್ತಲು ತಲೆಯಾಕಾರದ ವಸ್ತು ಬೇಕು. ಅಂಥದೊಂದು ನನ್ನ ಬಳಿಯೇ ಇತ್ತು. ಹಾಕಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ತೆಗೆಯಲು ಹೋದೆ. ಹೆಲ್ಮೆಟ್ಟಿನ ಜೊತೆ ನಾನೂ ಮೇಲೆದ್ದೆ!

"ಶಾರದಾ" ಎಂದು ಆದಷ್ಟೂ ಸಹಜವಾಗಿ ಕರೆದೆ. "ಇದನ್ನ ಒಂಚೂರ ಎತ್ತು."

ಅವಳು ಎತ್ತಿದಳು. ಮಗಳು ನನ್ನ ಸೊಂಟ ಹಿಡಿದು ಕೆಳಗೆ ಜಗ್ಗಿದಳು. ನನ್ನ ಕೂಗು ಕೇಳಿ ಪಕ್ಕದ ಮನೆಯ ಜಾಧವ ಮಾವಶಿ ಓಡಿ ಬಂದರು. "ಅಗಬಾಯಿ! ಚಿಮಣಿ ಎಣ್ಣಿ ಸುರೀ ಶಾರದಾ, ಸೊಲ್ಯೂಷನ್ ಬಿಟ್ಟಗೊಡ್ತದ" ಎಂದು ಸ್ಟೋವಿನ ಸೀಮೆಎಣ್ಣೆ ಡಬ್ಬಿಯನ್ನೇ ತಂದುಕೊಟ್ಟರು. ಸುರಿದರು. ಎಣ್ಣೆ ಕಿವಿಯೊಳಗೆ, ಬನಿಯನ್ನಿನೊಳಗೆ, ಎಲ್ಲೆಲ್ಲಿಗೋ ಇಳಿಯಿತು. ಹೆಲ್ಮೆಟ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

"ಅಪ್ಪಾ, ಅಲ್ಲೆ ಹೆಸರ ಕರೀಲಿಕ್ಕತ್ತಿರ್ತಾರ!" ಸುಮಾ ಅಳತೊಡಗಿದಳು.

ಶಾರದಾ ಕತ್ತರಿ ತಂದಳು. ಹೆಲ್ಮೆಟ್ಟಿನ ಅಂಚಿನೊಳಗೆ ತೂರಿಸಿ ಕತ್ತರಿಸುತ್ತ ಹೋದಳು. ಅವಳ ಬದಲು ಕತ್ತರಿಯೇ ಎಲ್ಲವನ್ನೂ ಹೇಳುತ್ತಿತ್ತು. ಕೊನೆಗೆ ಹೆಲ್ಮೆಟ್ಟು ಬಂತು, ನನ್ನ ಕೂದಲಿನ ಬಹುಪಾಲನ್ನು ಒಳಗಿಟ್ಟುಕೊಂಡು. ಕನ್ನಡಿ ನೋಡಿಕೊಳ್ಳಲು ಹೊತ್ತಿರಲಿಲ್ಲ, ಮೈದಾನಕ್ಕೆ ಓಡಿದೆವು.

ಅಲ್ಲಿ ತಪಾಸಣೆಗೆ ನಿಂತಿದ್ದವರು ಪಿ.ಟಿ. ಟೀಚರು. ಸುಮಾಳ ತಲೆಯ ಮೇಲಿನ ಹೆಲ್ಮೆಟ್ಟನ್ನು ಅಲ್ಲಾಡಿಸಿದರು. ತಲೆ ಮುಂದೆ ನೋಡುತ್ತಿದ್ದಂತೆ ಹೆಲ್ಮೆಟ್ಟು ಪಕ್ಕಕ್ಕೆ ತಿರುಗಿ ನಿಂತಿತು. ಒಳಗೆ ಬೆರಳು ಹಾಕಿದವರು ಹೌಹಾರಿ ಕೈ ಎಳೆದುಕೊಂಡರು.

"ಇದರಾಗ ಏನೈತ್ರಿ?"

"ಸ್ಪಂಜ್ ರೀ. ಮತ್ತ... ಒಂದೀಟ ನಾನೂ."

"ಇದು ನಡಿಯೂದಿಲ್ಲ. ಬಿದ್ರ ಹೆಲ್ಮೆಟ್ ಒಂದ ಕಡೆ, ಹುಡುಗಿ ಒಂದ ಕಡೆ. ನಾ ಬಿಡಂಗಿಲ್ಲ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಸುಮಾ ಜೋರಾಗಿ ಅಳಲಿಲ್ಲ, ಸೈಕಲ್ಲಿನ ಹ್ಯಾಂಡಲ್ ಹಿಡಿದು ನೆಲ ನೋಡುತ್ತ ನಿಂತಳು. ಅವಳ ಗುಂಪಿನ ದೊಡ್ಡ ಮಕ್ಕಳನ್ನು ಆಗಲೇ ಸಾಲಾಗಿ ನಿಲ್ಲಿಸುತ್ತಿದ್ದರು.

ಅಷ್ಟರಲ್ಲಿ ನಮ್ಮ ಜೊತೆಗೇ ಬಂದಿದ್ದ ಜಾಧವ ಮಾವಶಿ, "ನಮ್ಮ ಪಿಂಕೀದು ಈಕೀಗೆ ಬರ್ತದ ನೋಡ! ಸಣ್ಣವ್ರ ರೇಸಿನ್ಯಾಗ ಹೋಗ್ಯಾಳ, ಇನ್ನೇನ ಬಂದಳು" ಎಂದರು. ಪಿಂಕಿ ಅವರ ಮೊಮ್ಮಗಳು. ನಾವೆಲ್ಲ ರಸ್ತೆಯ ಕಡೆ ಕಣ್ಣು ನೆಟ್ಟೆವು. ಸಣ್ಣ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಪಿಂಕಿ ಇಲ್ಲ. ಎಲ್ಲರೂ ಬಂದಾಯಿತು. ಪಿಂಕಿ ಇಲ್ಲ! ಬಹಳ ಹಿಂದೆ, ಸಾಗವಾನಿ ಮರದ ಕೆಳಗೆ ಸೈಕಲ್ ನಿಲ್ಲಿಸಿಕೊಂಡು ಆಕೆ ಕೊಂಬೆಯ ಮೇಲಿನ ಮುಸುವ ಕೋತಿಯನ್ನು ನೋಡುತ್ತಿದ್ದಳು.

"ತುಳೀ ಪಿಂಕೀ! ತುಳೀ ನಮ್ಮವ್ವಾ!" ಎಂದು ಕಿರುಚುತ್ತ ನಾನು ಓಡಿದೆ. ಕೊನೆಯ ಸ್ಥಾನದಲ್ಲಿದ್ದ ಮಗುವಿಗೆ ಯಾರೂ ಅಷ್ಟು ಹುರುಪು ತುಂಬಿರಲಿಕ್ಕಿಲ್ಲ. ಪಿಂಕಿ ತಲೆಯೆತ್ತಿದಳು. ಅರ್ಧ ಕೂದಲಿನ, ಕೆಂಗಣ್ಣಿನ, ಎಣ್ಣೆ ಇಳಿಯುತ್ತಿರುವ ಒಬ್ಬ ಗಂಡಸು ತನ್ನ ಹೆಸರು ಕೂಗುತ್ತ ಬರುತ್ತಿದ್ದಾನೆ! ಪಕ್ಕದ ಮನೆಯ ಕಾಕಾ ಎಂದು ಗುರುತೇ ಸಿಗಲಿಲ್ಲ. "ಆಜೀ!" ಎಂದು ಚೀರಿ ಸೈಕಲ್ ತಿರುಗಿಸಿದವಳೇ ಮೌಳಂಗಿಯ ದಿಕ್ಕಿಗೆ ಹೊಡೆದಳು. ರೇಸಿನಲ್ಲಿ ಆಕೆ ವೇಗ ತೋರಿಸಿದ್ದು ಆಗಲೇ.

"ನೀವು ನಿಂದರ್ರೀ!" ಶಾರದಾಳ ಧ್ವನಿ ಹಿಂದಿನಿಂದ ಬಂತು. "ಮರದ ಹಿಂದ ಹೋಗಿ ನಿಂದರ್ರಿ! ಹೊರಗ ಬರಬ್ಯಾಡ್ರಿ!"

ನಿಂತೆ. ಶಾರದಾ ಓಡಿ ಹೋಗಿ ಪಿಂಕಿಯನ್ನು ಪುಸಲಾಯಿಸಿ ಹೆಲ್ಮೆಟ್ಟು ಬಿಡಿಸಿಕೊಂಡು ಬಂದಳು. ಸುಮಾಳ ತಲೆಗೆ ಅದು ಹುಬ್ಬಿನ ಮೇಲೆ, ಅಲುಗಾಡದೆ ಕೂತಿತು. ಕಿವಿಯ ಕೆಳಗೆ ಪಟ್ಟಿ ಕೂಡಿತು. ಟೀಚರು ತಲೆಯಾಡಿಸಿದ್ದೂ ಸೀಟಿ ಊದಿದ್ದೂ ಒಟ್ಟಿಗೇ ಆಯಿತು. ಮರದ ಹಿಂದಿನಿಂದ ನಾನು ಸುಮಾಳ ಕೆಂಪು ಫ್ರಾಕು ನನ್ನನ್ನು ದಾಟಿ ಹೋಗುವುದನ್ನು ನೋಡಿದೆ. ಕಣ್ಣು ತುಂಬಿಕೊಂಡವು. ಅರ್ಧ ಚಿಮಣಿ ಎಣ್ಣೆಯಿಂದ.

ಸುಮಾ ಎರಡನೆಯವಳಾಗಿ ಬಂದಳು! ಬಹುಮಾನದ ಫೋಟೋ ತೆಗೆಯುವ ಮುಂಚೆ ಫೋಟೋದವನು, "ನಿಮ್ಮ ಅಪ್ಪನ್ನ ಕರಿ, ಬಾಜೂಕ ನಿಂದರಲಿ" ಎಂದ. ನಾನು ಅಂಗಿ ಸರಿಮಾಡಿಕೊಂಡು ಮುಂದೆ ಬಂದೆ. ಮಗಳು ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ, ಮತ್ತೊಮ್ಮೆ ಬರೀ ತಲೆಯನ್ನು ನೋಡಿದಳು.

"ಅಪ್ಪ ಬಂದಿಲ್ಲರಿ" ಎಂದಳು. "ಅವ್ವ ಬಂದಾಳ."

ಶಾರದಾ ಸೆರಗು ಹೊದ್ದುಕೊಂಡು ಮಗಳ ಪಕ್ಕದಲ್ಲಿ ನಿಂತಳು. ಫೋಟೋದವನು ಕ್ಯಾಮರಾದಿಂದ ಮುಖ ಎತ್ತಿ ಮೂಗು ಮುಚ್ಚಿಕೊಂಡು ನನಗೆ ಹೇಳಿದ: "ಚಿಮಣಿ ಎಣ್ಣಿ ಮಾರಾವ್ರ, ಒಂಚೂರ ಆಕಡೆ ಸರೀರಿ. ಮನೀಯವ್ರಷ್ಟ ನಿಂದರ್ಲಿ."

ಸರಿದೆ.