ಹೆಂಡತಿಯ ಗೋಡೆಗೆ ಗಂಡನ ಕಾರು

ಸುಗಟೂರಿನ ಚಿಕ್ಕಗಂಗಮ್ಮನಿಗೆ ಬರಬೇಕಾದ ಏಳು ವರ್ಷದ ಕೂಲಿ ಇನ್ನೂ ಬಾಕಿ. ರೇಷ್ಮೆಗೂಡು ಮಾರಿ ಎಮ್ಮೆ ಕೊಂಡವಳು ಅವಳು. ಹುಲ್ಲು ಹೊತ್ತು, ಸಗಣಿ ಬಾಚಿ, ಹಾಲು ಕರೆದವಳೂ ಅವಳೇ. ಹಾಲಿನ ದುಡ್ಡು ಮಾತ್ರ ಗಂಡ ಮುನಿರಾಮಪ್ಪನ ಜೇಬಿಗೆ!

೧೯೪೦ರಲ್ಲಿ ಆ ಜೇಬಿನಿಂದ ಒಂದು ಕಾರು ಹೊರಬಂತು. ಚಿನ್ನದ ಗಣಿಯ ದೊರೆಯೊಬ್ಬ ಮಾರಿದ ಹಳೇ ಗಾಡಿ. ಮುನಿರಾಮಪ್ಪ ಅರಳಿಕಟ್ಟೆ ಹತ್ತಿ ಮೀಸೆ ತಿರುವಿದ: "ಕೋಲಾರಕ್ಕೆ ಬಾಡಿಗೆ ಹೊಡೆದು ಮೂರೇ ವರ್ಷದಲ್ಲಿ ಮಹಡಿ ಮನೆ ಕಟ್ಟದಿದ್ರೆ, ನನ್ನ ಹೆಸರು ನಾಯಿಗಿಡಿ!"

ವಿಮೆ ಏಜೆಂಟ್ ವೆಂಕಟರಾಯಪ್ಪ ಸೈಕಲ್ ತುಳಿದು ಬಂದ. "ಎರಡು ಥರ ಇದೆ, ಗೌಡ್ರೇ. ಅಗ್ಗದ್ದು, ನಿಮ್ಮ ಕಾರಿಂದ ಬೇರೆಯವರಿಗೆ ನಷ್ಟ ಆದ್ರೆ ಮಾತ್ರ ಕೊಡ್ತದೆ. ದೊಡ್ಡದು, ನಿಮ್ಮ ಕಾರು ಜಖಮ್ಮಾದ್ರೂ ಕೊಡ್ತದೆ."

"ಇಪ್ಪತ್ತು ವರ್ಷ ಎತ್ತಿನಗಾಡಿ ಹೊಡೆದೋನು ಕಣಯ್ಯಾ ನಾನು! ನನ್ನ ಗಾಡಿ ನಾನೇ ಮುರ್ಕೊಳ್ತೀನಾ? ಅಗ್ಗದ್ದೇ ಬರಿ."

ಚಿಕ್ಕಗಂಗಮ್ಮ ಬಾಗಿಲಿಂದಲೇ ಅಂದಳು: "ಎತ್ತಿಗೆ ಬುದ್ಧಿ ಇತ್ತು, ದಾರಿ ಅದೇ ನೋಡ್ಕೊಳ್ತಿತ್ತು. ಇದಕ್ಕೆ ನಿನ್ನ ಬುದ್ಧಿನೇ ಗತಿ. ದೊಡ್ಡದೇ ಮಾಡ್ಸಯ್ಯಾ."

"ಸುಮ್ನಿರೇ! ಸಗಣಿ ಬಾಚೋಳಿಗೆ ಮೋಟಾರಿನ ಮಾತ್ಯಾಕೆ?"

ಶುಕ್ರವಾರ ಪೂಜೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು, ಮೂತಿಗೆ ಚೆಂಡುಹೂವಿನ ಹಾರ. ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದೇ ತಡ, ಕಾರು ಕೊಟ್ಟಿಗೆ ಕಡೆ ಹಾರಿತು. ಮುನಿರಾಮಪ್ಪ ಸ್ಟಿಯರಿಂಗನ್ನು ಮೂಗುದಾರದಂತೆ ಹಿಂದಕ್ಕೆ ಜಗ್ಗುತ್ತಾ ಕೂಗಿದ: "ಹೋ! ಹೋ! ನಿಲ್ಲಲೇ ಬಸವಾ!"

ಬಸವ ನಿಲ್ಲಲಿಲ್ಲ. ಗೋಡೆ ಬಿತ್ತು, ಕಾರಿನ ಮೂತಿ ಚಪ್ಪಟೆಯಾಯ್ತು. ಕೂದಲೂ ಕೊಂಕದ ಎಮ್ಮೆ ನಿಧಾನಕ್ಕೆ ಬಂದು ಹಾರ ಮೇಯತೊಡಗಿತು.

ನೋಡಲು ಬಂದ ಏಜೆಂಟ್ ಅಡ್ಡಡ್ಡ ತಲೆಯಾಡಿಸಿದ. "ಕಾರಿಗೆ ಕಾಸಿಲ್ಲ, ನೀವು ಮಾಡ್ಸಿದ್ದು ಅಗ್ಗದ್ದು. ಗೋಡೆಗೂ ಇಲ್ಲ. ಬೇರೆಯವರ ಗೋಡೆ ಆಗಿದ್ರೆ ನೋಡಬಹುದಿತ್ತು."

ಮುನಿರಾಮಪ್ಪನ ತಲೆಯಲ್ಲಿ ದೀಪಾವಳಿ! ಗೋಡೆಯ ದುಡ್ಡು ಬಂದರೆ ಕಾರಿನ ಮೂತಿ ನೆಟ್ಟಗಾದೀತು.

"ಅಯ್ಯೋ, ಆ ಗೋಡೆ ನಂದಲ್ಲಪ್ಪಾ! ನಮ್ಮೋಳ್ದು!"

"ಬರೆದುಕೊಡ್ತೀರಾ?"

ಬರೆದ. ಕಂಪನಿ ನಂಬಲಿ ಅಂತ ಛಾಪಾ ಕಾಗದದ ಮೇಲೆ, ನಾಲ್ಕು ಜನರ ಸಾಕ್ಷಿ ಹಾಕಿಸಿ, ಏನೂ ಬಿಡದೆ: ಕೊಟ್ಟಿಗೆ, ಎಮ್ಮೆ, ಹಾಲು, ಹಾಲಿನ ದುಡ್ಡು ಎಲ್ಲವೂ ಚಿಕ್ಕಗಂಗಮ್ಮನದು, ನನಗೆ ಯಾವ ಹಕ್ಕೂ ಇಲ್ಲ. ಜನ್ಮದಲ್ಲೇ ದೊಡ್ಡ ಸುಳ್ಳು ಬರೆದೆ ಅಂದುಕೊಂಡ. ಬರೆದದ್ದು ಅಪ್ಪಟ ನಿಜ!

ತಿಂಗಳ ಮೇಲೆ ಕಂಪನಿಯ ಉತ್ತರ ಬಂತು: 'ಒಂದೇ ಮನೆಯಲ್ಲಿರುವ ಹೆಂಡತಿ ಬೇರೆಯವಳಲ್ಲ. ಹಣ ಕೊಡಲಾಗದು.' ಜೊತೆಗೆ ಛಾಪಾ ಕಾಗದವೂ ವಾಪಸ್.

ಚಿಕ್ಕಗಂಗಮ್ಮ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

"ಅದನ್ನ ಹರಿದು ಹಾಕೇ. ಕೆಲಸಕ್ಕೆ ಬರಲ್ಲ."

"ಕಂಪನಿಗೆ ಬರದಿದ್ರೆ ಬೇಡ, ನನಗೆ ಬರ್ತದೆ. ನನ್ನ ಗೋಡೆ ಕೆಡವಿದ್ದೀಯಾ, ಕಟ್ಟು."

"ಸರಿ ಕಣೇ, ಮೊದ್ಲು ಒಂದು ಲೋಟ ಹಾಲು ಕೊಡು."

"ಹಾಲು ನಂದು. ಕಾಸು ಇಡು."

ಕಾರು ಗುಜರಿಗೆ ಹೋಯ್ತು. ಮೀಸೆ ತಿರುವಿದ ಮುನಿರಾಮಪ್ಪ ಮೊಣಕಾಲವರೆಗೆ ಕೆಸರಿನಲ್ಲಿ ನಿಂತು ಗೋಡೆಯ ಮಣ್ಣು ತುಳಿದ. "ಕೂಲಿ ಎಷ್ಟು ಕೊಡ್ತೀಯೇ?" ಅಂತ ಕೇಳಿದ್ದಕ್ಕೆ ಅವಳು, "ನಿನ್ನಿಂದ ಬರಬೇಕಾದ ಏಳು ವರ್ಷದ್ರಲ್ಲಿ ಒಂದೊಂದು ದಿನ ವಜಾ ಮಾಡ್ತೀನಿ, ತುಳಿ!" ಅಂದಳು.

ಇಷ್ಟು ಓದಿ ಹಲ್ಲು ಕಿರಿಯುತ್ತಿರುವ ಯಜಮಾನ್ರೇ, ನಿಮ್ಮ ಕೊಟ್ಟಿಗೆ ಯಾರದು? ಗೋಡೆಗೆ ಗುದ್ದೋ ತನಕ ಕಾಯಬೇಡಿ. ಇವತ್ತೇ ಬರೆದುಕೊಡಿ!