ಮಾವನ ರವಾಲ ಕುದುರೆ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ; ನಡಿಗೆ ನೆನಪಿರುತ್ತಿತ್ತು. ಹತ್ತು ವರ್ಷದ ಮೇಲೆ ಸಿಕ್ಕವರನ್ನು ಎದುರಿನಿಂದ ನೋಡಿದರೆ ಗುರುತಿಸುತ್ತಿರಲಿಲ್ಲ, ಹಿಂದಿನಿಂದ ನೋಡಿದರೆ ಹೆಸರು ಹಿಡಿದು ಕೂಗುತ್ತಿದ್ದ. ಇಂಥವನ ಕಣ್ಣಿಗೆ ಬಿದ್ದು ಯಾರಾದರೂ ನೆಮ್ಮದಿಯಿಂದ ನಡೆಯುವುದುಂಟೇ? ಕೊಹಿನೂರಿನಲ್ಲಿ ಅವನ ಮನೆಯ ಮುಂದೆ ಹಾಯುವಾಗ ದೊಡ್ಡ ದೊಡ್ಡ ರೈತರೂ ಸ್ವಲ್ಪ ನೆಟ್ಟಗಾಗಿ, ಹೆಜ್ಜೆ ಎಣಿಸಿಕೊಂಡು ಹೋಗುತ್ತಿದ್ದರು.

ನಮ್ಮ ಅಕ್ಕನನ್ನು ನೋಡಲು ಬಸವಕಲ್ಯಾಣದಿಂದ ಒಬ್ಬ ವರ ಬಂದಿದ್ದ. ಓದಿದವನು, ನೋಡಲಿಕ್ಕೂ ಚೆಲುವ. ಉಪ್ಪಿಟ್ಟು ಮುಗಿಯುತ್ತಲೇ ಮಾವ ಅವನ ಕಡೆ ತಿರುಗಿದ.

"ತಮ್ಮಾ, ಒಂದೀಟು ಬಾವಿ ತನಕ ಹೋಗಿ ಬಾ."

ಇದು ನಮ್ಮ ಕಡೆಯ ಪದ್ಧತಿ ಇರಬೇಕೆಂದುಕೊಂಡ ಆ ಪಾಪದ ಹುಡುಗ ಹೋದ, ಬಂದ. ಮಾವ ಎಲ್ಲರ ಎದುರಿಗೇ ತೀರ್ಪು ಕೊಟ್ಟ.

"ಎಡಗಾಲು ಬಿರುಸು ಅದ, ಬಲಗಾಲು ಎಳೀತಾನ. ಹತ್ತು ವರ್ಷದಾಗ ಸೊಂಟ ಹಿಡೀತದ."

ಸಂಬಂಧ ಅಲ್ಲಿಗೆ ಮುರಿಯಿತು. ಆ ಹುಡುಗ ಮುಂದೆ ಪೊಲೀಸ್ ಇಲಾಖೆ ಸೇರಿ ಕವಾಯತಿನಲ್ಲಿ ಮುಂದಿನ ಸಾಲಿನಲ್ಲಿ ನಡೆದನೆಂಬ ಸುದ್ದಿಯನ್ನು ನಾವು ಮಾವನಿಂದ ಮುಚ್ಚಿಟ್ಟೆವು. ಮುಂದಿನ ವರನನ್ನು ಮಾತ್ರ ಅಂಗಳದ ತನಕ ಸೈಕಲ್ ಮೇಲೆಯೇ ಕರೆಸಿದೆವು.

ಈ ಹುಚ್ಚಿಗೆಲ್ಲ ಮೂಲ ಒಂದು ಕಂದು ಬಣ್ಣದ ಹೆಣ್ಣುಕುದುರೆ. ಮಾವನ ಮದುವೆಯಲ್ಲಿ ನಾರಾಯಣಪುರದ ಬೀಗರು, ಅತ್ತೆಯ ಅಪ್ಪ, ಕೊಟ್ಟದ್ದು. ಅತ್ತೆ ಮತ್ತು ಕುದುರೆ ಒಂದೇ ದಿನ ಆ ಮನೆಗೆ ಬಂದರು. ಮಾವ ಹಿತ್ತಲಿಗೆ ಹೋಗಿ ಮೊದಲು ಮಾತಾಡಿಸಿದ್ದು ಕುದುರೆಯನ್ನು. ಅದರ ನಡಿಗೆಗೆ ರವಾಲ ಎನ್ನುತ್ತಾರೆ. ಸಾಮಾನ್ಯ ಕುದುರೆ ಓಡುವಾಗ ಎಡಗಡೆಯ ಮುಂಗಾಲಿನ ಜೊತೆ ಬಲಗಡೆಯ ಹಿಂಗಾಲು ಎತ್ತುತ್ತದೆ. ಕೂತವರ ಕರುಳು ಬಾಯಿಗೆ ಬರುತ್ತದೆ. ರವಾಲ ಕುದುರೆ ಎಡಗಡೆಯ ಎರಡೂ ಕಾಲು ಒಟ್ಟಿಗೆ, ಬಲಗಡೆಯ ಎರಡೂ ಕಾಲು ಒಟ್ಟಿಗೆ ಹಾಕುತ್ತದೆ. ಕೂತವರು ತೊಟ್ಟಿಲಲ್ಲಿ ಕೂತಂತೆ. ಇಷ್ಟೇ ವಿಷಯ. ಇದನ್ನು ನಾನು ನಾಲ್ಕು ಸಾಲಿನಲ್ಲಿ ಹೇಳಿದೆ. ಮಾವ ಇದಕ್ಕೆ ಒಂದು ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದ. ಕೇಳುವವರಿಗೆ ಅರ್ಥವಾಗಲಿಲ್ಲವೆಂದರೆ ಧೋತರ ಮೇಲೆ ಕಟ್ಟಿ, ಚಹಾದ ಹೋಟೆಲಿನಲ್ಲಿ ಬೆಂಚುಗಳ ನಡುವೆ ನಾಲ್ಕು ಕಾಲಿನ ಮೇಲೆ ನಡೆದು ತೋರಿಸುತ್ತಿದ್ದ. ಅರ್ಥವಾದವರು ಕೂಡ ಅರ್ಥವಾಗಲಿಲ್ಲ ಎನ್ನುತ್ತಿದ್ದುದು ಇದಕ್ಕೇ.

"ಇದು ಕಲಿಸಿದ್ರ ಬರೂ ನಡಿಗಿ ಅಲ್ರಿ," ಎಂದು ಪ್ರತಿ ಸಲ ಮುಗಿಸುತ್ತಿದ್ದ. "ರಕ್ತದಾಗ ಬರಬೇಕು. ಹಗ್ಗ ಕಟ್ಟಿ ಕಲಿಸ್ತಾರಲ್ಲ, ಅವರು ಚೋರರು."

ಅತ್ತೆ ಒಳಗಿನಿಂದ ಪಾತ್ರೆಗಳ ಸದ್ದಿನಲ್ಲೇ ಉತ್ತರ ಕೊಡುತ್ತಿದ್ದಳು. ಬಾಯಿ ತೆರೆದರೆ ಇನ್ನೂ ಖಾರ.

"ಕುದುರಿ ಮ್ಯಾಲೆ ಕೂತ್ರ ಹೊಟ್ಟಿ ಅಲ್ಲಾಡಂಗಿಲ್ಲ ಖರೆ. ಮನಿ ಅಲ್ಲಾಡಾಕತ್ತದ, ಅದನ್ನ ಯಾರ್ ನೋಡ್ಬೇಕು?"

ಹುಮನಾಬಾದಿನಲ್ಲಿ ವರ್ಷಕ್ಕೊಮ್ಮೆ ಜಾನುವಾರು ಸಂತೆ ಕೂಡುತ್ತದೆ. ಅದರಲ್ಲಿ ಕುದುರೆಗಳದೇ ಒಂದು ಸಾಲು. ಮೋಟಾರು ಬಂದು ಕುದುರೆಯ ಕಿಮ್ಮತ್ತು ಇಳಿದ ಕಾಲವದು. ಕುದುರೆ ಕೇಳುವವರೆಲ್ಲ ಟಾಂಗಾದವರು, ಇಲ್ಲವೆ ಮದುವೆ ಮೆರವಣಿಗೆಯವರು. ರವಾಲ ಜಾತಿ ಉಳಿಯಬೇಕೆಂದು ಮಾವ ಒಂದು ಸಂಘ ಕಟ್ಟಿದ. ಸದಸ್ಯರು ಮೂವರು: ಮಾವ, ಲಾಳ ಹೊಡೆಯುವ ಚಾಚಾ ಮತ್ತು ದುಬಲಗುಂಡಿಯಲ್ಲಿ ಮಾಸ್ತರನಾಗಿದ್ದ ನಾನು. ಚಾಚಾ ಹಳೆಯ ಸ್ನೇಹಕ್ಕೆ ಬಂದ. ನಾನು ರಜೆಯಲ್ಲಿ ಸಿಕ್ಕಿಬಿದ್ದೆ. ಮೂವರ ಎದೆಗೂ ಮಾವ ಹಸಿರು ರಿಬ್ಬನ್ನಿನ ಹೂವು ಚುಚ್ಚಿ 'ಸ್ವಯಂಸೇವಕರು' ಎಂದು ಕರೆದ. ನನ್ನ ಪಾಲಿಗೆ ಸ್ವಯಂ ಎಂಬುದು ಎಲ್ಲಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಜನರಲ್ಲೇ ಒಬ್ಬರನ್ನು ಕುದುರೆ ಮೇಲೆ ಕೂಡಿಸಿ, ಕೈಯಲ್ಲಿ ಬಶಿ ತುಂಬ ಚಹಾ ಕೊಟ್ಟು, ಹನಿ ಚೆಲ್ಲದಂತೆ ಒಂದು ಸುತ್ತು ಹಾಕಿಸುವುದು ನಮ್ಮ ಪ್ರದರ್ಶನ. ಒಂದು ವರ್ಷ ದಢೂತಿ ಕಿರಾಣಿ ಸಾಹುಕಾರರೊಬ್ಬರು ಮುಂದೆ ಬಂದರು. ಅವರನ್ನು ಮೇಲೆ ಹತ್ತಿಸಲು ನಾಲ್ಕು ಜನ, ಒಂದು ಬೆಂಚು ಬೇಕಾಯಿತು. ಹತ್ತಿದವರು ಹೆದರಿ ಕಣ್ಣು ಮುಚ್ಚಿಕೊಂಡರು. ಮಾವ ಲಗಾಮು ಬಿಟ್ಟು ಜನರ ಕಡೆ ತಿರುಗಿ ರಕ್ತದ ಮಹಿಮೆ ಹೇಳತೊಡಗಿದ. ಕುದುರೆಗೆ ಆ ಭಾಷಣ ಬಾಯಿಪಾಠವಾಗಿತ್ತು. ಅದು ಬೇಸತ್ತು ಬಸವಕಲ್ಯಾಣದ ರಸ್ತೆ ಹಿಡಿದು ಮನೆಯ ಕಡೆ ಹೊರಟಿತು. ನಾವು ಓಡಿ ಹೋಗಿ ಹಿಡಿಯುವಾಗ ಊರ ಹೊರಗಿನ ನಾಕಾ ದಾಟಿತ್ತು. ಸಾಹುಕಾರರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಇನ್ನಾ ಕುದುರಿ ಹೊರಡಸವಲ್ರಿ ಯಾಕ?"

ಮಾವನಿಗೆ ನಾಚಿಕೆಯಾಯಿತೆಂದುಕೊಂಡಿರಾ? ಮುಂದಿನ ಮೂರು ವರ್ಷ ಇದೇ ಅವನ ಮುಖ್ಯ ಸಾಕ್ಷಿಯಾಯಿತು.

ಆದರೆ ಕುದುರೆಗೆ ವಯಸ್ಸಾಗುತ್ತಿತ್ತು. ರವಾಲ ಜಾತಿಯ ಗಂಡುಕುದುರೆ ಸುತ್ತಮುತ್ತ ಎಲ್ಲೂ ಉಳಿದಿರಲಿಲ್ಲ. ಕೊನೆಗೆ ಮಾವ ಟಾಂಗಾದ ಒಂದು ಕುದುರೆಯಿಂದಲೇ ಮರಿ ಪಡೆಯಲು ಮನಸ್ಸು ಗಟ್ಟಿಮಾಡಿದ. ತಾಯಿಯ ರಕ್ತ ಸಾಕೆಂದು ವಾದ ಹೂಡಿದ. ಆ ವರ್ಷದ ಸಂತೆಯಲ್ಲಿ ಒಬ್ಬ ಕುದುರೆ ವ್ಯಾಪಾರಿ ಎಲ್ಲರ ನಡುವೆ ನಕ್ಕ.

"ಅಪ್ಪ ಟಾಂಗಾ ಜಗ್ಗಾಂವ, ಮಗ ರವಾಲ ಹಾಕ್ತಾನೇನ್ರಿ? ನಿಮ್ಮ ಮುದಿ ಕುದುರಿಗೂ ಯಾರೋ ಹಗ್ಗ ಕಟ್ಟೇ ಕಲಿಸ್ಯಾರ."

ಮಾವನ ಮುಖ ಕೆಂಪಗಾಯಿತು. "ಮರಿಗೆ ಮೂರು ವರ್ಷ ಆಗ್ಲಿ. ಇಲ್ಲೇ ನಡಸಿ ತೋರಸ್ತೀನಿ. ರಕ್ತದಾಗ ಬರಲಿಲ್ಲಂದ್ರ, ನಾ ಹೇಳಿದ್ದೆಲ್ಲ ಸುಳ್ಳಂತ ಇಲ್ಲೇ ನಿಂತು ಒದರ್ತೀನಿ. ಮತ್ತ ಈ ಸಾಲಿನ್ಯಾಗ ಕಾಲಿಡಂಗಿಲ್ಲ."

ಮರಿ ಹುಟ್ಟಿತು. ಗಂಡು. ಎದ್ದು ನಿಂತಿತು, ಓಡಿತು. ಓಡಿದ್ದು ಟಾಂಗಾ ಕುದುರೆಯ ಹಾಗೆಯೇ! ಮಾವ ಮೊದಲು ನೆಲ ಸರಿಯಿಲ್ಲ ಎಂದ. ಆಮೇಲೆ ಮರಿ ಇನ್ನೂ ಎಳೆಯದು ಎಂದ. ಒಂದು ವರ್ಷವಾದ ಮೇಲೆ ಪಕ್ಕದ ಮನೆಯ ಕತ್ತೆಯ ಸಹವಾಸ ಎಂದ. ಕತ್ತೆಯ ಮಾಲಕರು ಜಗಳಕ್ಕೆ ಬಂದರು. ಎರಡು ವರ್ಷ ದಾಟಿದಾಗ ನೆಪಗಳೂ ಮುಗಿದವು. ಮಾವ ಮರಿಯ ಕಡೆ ನೋಡುವುದನ್ನೇ ಬಿಟ್ಟ. ಅದನ್ನು ಸವಾರಿಗೆ ಪಳಗಿಸುವ ಕೆಲಸ ಚಾಚಾನಿಗೆ ವಹಿಸಿ, ಊಟವಾದ ಮೇಲೆ ಹೋಟೆಲಿಗೆ ಹೋಗಿ ಸಂಜೆಯ ತನಕ ಕೂತು ಬರುತ್ತಿದ್ದ. ಅಲ್ಲಿಯೂ ರಕ್ತದ ಮಾತೇ. ಆದರೆ ಈಗ ಬೆಂಚುಗಳ ನಡುವೆ ನಡೆದು ತೋರಿಸುತ್ತಿರಲಿಲ್ಲ. ನಾನು ರಜೆಗೆ ಹೋದಾಗಲೆಲ್ಲ ಬೇಕೆಂದೇ ಕೆಣಕುತ್ತಿದ್ದೆ.

"ಮಾವಾ, ಮರಿ ಹ್ಯಾಂಗ ನಡೀತದ?"

"ನಿನಗಿಂತ ಚಲೋ ನಡೀತದ," ಎನ್ನುತ್ತಿದ್ದ. ಅಷ್ಟೇ. ಈಗ ನೆನೆದರೆ ಆ ಪ್ರಶ್ನೆ ಕೇಳಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮರಿಗೆ ಮೂರು ತುಂಬಿದ ವರ್ಷದ ಸಂತೆಗೆ ಮಾವ ಸೋಲಲಿಕ್ಕೆಂದೇ ಹೊರಟ. ಹೋಗದಿದ್ದರೂ ಯಾರೂ ಹಿಡಿದು ತರುತ್ತಿರಲಿಲ್ಲ. ಕೊಟ್ಟ ಮಾತಿಗೆ ಹೋದ. ಎಂದೂ ಸಂತೆಗೆ ಬಾರದ ಅತ್ತೆ ಅಂದು ತಾನೂ ಬರುತ್ತೇನೆಂದು ಗಾಡಿ ಹತ್ತಿದಳು. ಇವನ ಫಜೀತಿ ನೋಡಲು ಬರುತ್ತಿದ್ದಾಳೆಂದೇ ನಾನು ತಿಳಿದೆ.

ವ್ಯಾಪಾರಿ ಕಾದಿದ್ದ. ಜನ ಕೂಡಿದ್ದರು. ಮಾವ ಯಾವ ಭಾಷಣವನ್ನೂ ಮಾಡಲಿಲ್ಲ. ಮರಿಯ ಮೇಲೆ ಕೂತು, ತಲೆ ತಗ್ಗಿಸಿ, ಹಿಮ್ಮಡಿ ತಾಗಿಸಿದ. ಮರಿ ಹೊರಟಿತು. ಎಡಗಡೆಯ ಎರಡೂ ಕಾಲು, ಬಲಗಡೆಯ ಎರಡೂ ಕಾಲು. ಮಾವನ ತಲೆಯ ಪಟಗದ ತುದಿ ಕೂಡ ಅಲುಗಲಿಲ್ಲ. ಸಾಲಿನ ಆ ತುದಿಯ ತನಕ ಹೋಗಿ ತಿರುಗಿ ಬಂದಾಗ ಜನ ಸಿಳ್ಳೆ ಹೊಡೆದರು. ವ್ಯಾಪಾರಿ ಬಾಯಿ ತೆರೆದು ನಿಂತಿದ್ದ.

"ಸೋತ್ನಿರಿ ಯಜಮಾನ್ರ. ರಕ್ತನೇ ಅದ," ಎಂದ.

ಮಾವ ಕೆಳಗಿಳಿದ. ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಬಗ್ಗಿ ಮರಿಯ ಕಾಲು ಸವರಿದ. ನಾಲ್ಕೂ ಕಾಲಿಗೆ, ಗೊರಸಿನ ಮೇಲೆ, ಕೂದಲು ಉಂಗುರದ ಹಾಗೆ ಸವೆದಿತ್ತು. ಎಡಗಡೆಯ ಮುಂಗಾಲು ಹಿಂಗಾಲಿಗೆ ಹಗ್ಗ, ಬಲಗಡೆಯ ಮುಂಗಾಲು ಹಿಂಗಾಲಿಗೆ ಹಗ್ಗ: ತಿಂಗಳುಗಟ್ಟಲೆ ಹಾಗೆ ಕಟ್ಟಿ ನಡೆಸಿದರೆ ಬೀಳುವ ಗುರುತು. ಮಾವ ಚಾಚಾನ ಮುಖ ನೋಡಿದ.

"ನಾ ಅಲ್ಲ ಭಾಯಿ," ಎಂದ ಚಾಚಾ ಮೆಲ್ಲಗೆ. "ಭಾಭಿ ಮಾಡ್ಯಾರ. ನೀ ಹೋಟೆಲಿಗೆ ಹೋದ ಮ್ಯಾಲೆ, ದಿನಾ ಮಧ್ಯಾಹ್ನ, ಹಿತ್ತಲದಾಗ. ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಾರ."

ಇದು ನಮ್ಮ ಮೂವರ ಕಿವಿಗೆ ಮಾತ್ರ ಬಿದ್ದ ಮಾತು. ಮಾವ ಸುಮ್ಮನಿದ್ದಿದ್ದರೆ ಸಾಯುವ ತನಕ ಗೆದ್ದವನಾಗಿಯೇ ಇರುತ್ತಿದ್ದ. ಅವನು ಎದೆಯ ಮೇಲಿನ ರಿಬ್ಬನ್ನು ಬಿಚ್ಚಿ ವ್ಯಾಪಾರಿಯ ಎದುರು ನಿಂತು ದೊಡ್ಡ ದನಿಯಲ್ಲಿ ಹೇಳಿದ.

"ಸೋತಾಂವ ನಾನ್ರಿ. ರಕ್ತದಾಗ ಬಂದಿಲ್ಲ ಇದು. ನನ್ನ ಹೇಣ್ತಿ ಕಲಿಸ್ಯಾಳ. ಇಷ್ಟು ವರ್ಷ ನಾ ಹೇಳಿದ್ದೆಲ್ಲ ಸುಳ್ಳು."

ಅವನ ಹೆಜ್ಜೆ ಹೆಜ್ಜೆಯನ್ನೂ ಆಡಿಕೊಂಡು ನಕ್ಕ ನನ್ನ ಕಣ್ಣು ಒದ್ದೆಯಾಯಿತು. ಮಾವ ಜನರ ನಡುವೆ ದಾರಿ ಮಾಡಿಕೊಂಡು ಗಾಡಿಯ ಹತ್ತಿರ ಹೋದ. ಅತ್ತೆ ಸಿಟ್ಟಿನಿಂದ ಕುದಿಯುತ್ತಿದ್ದಳು.

"ನಿಮ್ಮ ಇಜ್ಜತ್ ಉಳೀಲಿ ಅಂತ ನಾ ಆರು ತಿಂಗಳು ಬಿಸಲಾಗ ಸತ್ತೆ. ಒಂದು ಗಳಿಗಿ ಬಾಯಿ ಮುಚ್ಚಿಕೊಂಡು ಇರಾಕ ಆಗಲಿಲ್ಲೇನು ನಿಮಗ?"

"ನಿನಗ ಇದು ಹ್ಯಾಂಗ ಬರ್ತದ?"

"ನಮ್ಮಪ್ಪ ಎಷ್ಟೋ ಕುದುರಿಗೆ ಕಲಿಸ್ಯಾನ. ಹಗ್ಗ ಹಿಡಿದು ಮುಂದ ನಡೀತಿದ್ದಾಕಿ ನಾನೇ. ನಿಮಗ ಕೊಟ್ಟ ಕುದುರಿಗೂ ನಾವೇ ಕಲಿಸಿದ್ದು. ರಕ್ತ ರಕ್ತ ಅಂತ ಖುಷಿ ಪಡಾಕತ್ತಿದ್ರಿ, ಯಾಕ ಹೇಳ್ಬೇಕಂತ ಸುಮ್ಮನಿದ್ದೆ."

ಈಗ ವಾದ ಶುರುವಾಗುತ್ತದೆಂದು ನಾನು ಕಾದೆ. ಅವನ ಜೀವಮಾನದ ಸಿದ್ಧಾಂತ ಅಷ್ಟೂ ಗಾಡಿಯ ಚಕ್ರದ ಹತ್ತಿರ ಬಿದ್ದಿತ್ತು. ಮಾವ ಅದನ್ನು ಎತ್ತಿಕೊಳ್ಳಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಅತ್ತೆಯ ಕೈಯನ್ನು ಹಿಡಿದು, ಬಿಡಿಸಿ, ಅಂಗೈ ಮೇಲೆ ಮಾಡಿ ನೋಡಿದ. ಹಗ್ಗ ಎಳೆದೆಳೆದು ಚರ್ಮ ಸುಲಿದಿತ್ತು.

"ಭಾಳ ಉರೀತದೇನು?" ಎಂದು ಕೇಳಿದ.

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವಳ ಬಗ್ಗೆ ಅವಳನ್ನೇ ಅವನು ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅತ್ತೆ ಕೈ ಎಳೆದುಕೊಳ್ಳಲಿಲ್ಲ.

"ಈಗ ಕಮ್ಮಿ ಅದ," ಎಂದಳು.