ಒಳ್ಳೆಯ ಸುಳಿಯ ರೈಫಲ್ಲು

ಬೈಲಹೊಂಗಲದಲ್ಲಿ ದಲಾಲಿ ಅಂಗಡಿ ಇಟ್ಟವನು ತಕ್ಕಡಿ ಹಿಡಿಯಬಹುದು, ಕೊಡೆ ಹಿಡಿಯಬಹುದು, ಸಮಯ ಬಂದರೆ ರೈತರ ಕಾಲನ್ನೂ ಹಿಡಿಯಬಹುದು. ರೈಫಲ್ಲು ಹಿಡಿದನೋ, ಫಜೀತಿಗಳು ಮನೆ ಹುಡುಕಿಕೊಂಡು ಬರತೊಡಗುತ್ತವೆ. ನನ್ನ ಮನೆಗಂತೂ ದಾರಿ ಕೇಳದೆ ಬಂದವು.

ತೊಂಬತ್ತರ ದಶಕದ ಕೊನೆಯ ಮಾತು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ಸಣ್ಣ ಗುಂಡಿನ ಪಾಯಿಂಟ್ ಟೂ-ಟೂ ರೈಫಲ್ಲು ಹಿಡಿದು, ಕಾಗದದ ಮೇಲಿನ ಕರಿ ಚಿಕ್ಕೆಗೆ ಹೊಡೆದ ಸುಖ ನನ್ನ ತಲೆಯಿಂದ ಇಳಿದೇ ಇರಲಿಲ್ಲ. ಅಂಗಡಿಯಲ್ಲಿ ಶೇಂಗಾ ಚೀಲಗಳ ನಡುವೆ ಕೂತಾಗಲೂ ಒಂದು ಕಣ್ಣು ಮುಚ್ಚಿ ಎದುರಿನ ಅಂಗಡಿಯ ಬೋರ್ಡಿಗೆ ಗುರಿ ಹಿಡಿಯುತ್ತಿದ್ದೆ. ನಾನು ಕಣ್ಣು ಹೊಡೆಯುತ್ತಿದ್ದೇನೆಂದು ಎದುರಿನ ಅಂಗಡಿಯವರ ಮನೆಯವರು ದೂರು ತಂದ ಮೇಲೆ, ಸ್ವಂತದ್ದೊಂದು ರೈಫಲ್ಲು ಕೊಂಡು ಮರ್ಯಾದೆಯಿಂದ ಗುರಿ ಹಿಡಿಯುವುದೇ ವಾಸಿ ಎನಿಸಿತು.

ಹೆಂಡತಿ ನನ್ನ ಸ್ವಂತ ಸೋದರಮಾವನ ಮಗಳು. ನನ್ನ ಹುಚ್ಚುಗಳ ಪೂರ್ತಿ ಚರಿತ್ರೆ ಅವಳಿಗೆ ಚಿಕ್ಕಂದಿನಿಂದಲೇ ಗೊತ್ತು. ಆದ್ದರಿಂದ ಅವಳು ಜಗಳವಾಡಲಿಲ್ಲ, ಒಂದು ಕರಾರು ಹಾಕಿದಳು.

“ತಗೋರಿ, ಬ್ಯಾಡ ಅನ್ನಂಗಿಲ್ಲ. ಆದರ ಬರೂ ಬನ್ನಿ ಹಬ್ಬದೊಳಗ ಆ ಬಂದೂಕಿನಿಂದ ಮನಿಗೆ ಒಂದ ಭಾಂಡೆ ಆದರೂ ಗೆದ್ದ ಬರಬೇಕು. ಇಲ್ಲಂದ್ರ ಅದನ್ನ ತಿರುಗಿ ಅಂಗಡಿಗೆ ಕೊಟ್ಟ ಬರೂದು.”

ದಸರೆಯೊಳಗೆ ಒಂದು ಪಾತ್ರೆ ತಾನೆ, ಅದೇನು ಮಹಾ ಎಂದು ನಾನು ಒಪ್ಪಿಕೊಂಡುಬಿಟ್ಟೆ.

ವೈರಿ ಇಲ್ಲದವನು

ಲೈಸೆನ್ಸಿಗಾಗಿ ಅರ್ಜಿ ಹಾಕಿದ ಮೇಲೆ ಠಾಣೆಯ ಹವಾಲ್ದಾರರು ವಿಚಾರಣೆಗೆಂದು ಮನೆಗೆ ಬಂದರು. ಅವಲಕ್ಕಿ ತಿಂದು, ಚಹಾ ಕುಡಿದು, ನಿಮ್ಮ ವೈರಿ ಯಾರು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹೊಲದ ತಂಟೆಯೇ? ಇಲ್ಲ. ಅಣ್ಣತಮ್ಮಂದಿರ ಪಾಲು? ನಾನೊಬ್ಬನೇ ಮಗ. ಹಂದಿಯ ಕಾಟ? ಪೇಟೆಯೊಳಗೆ ಎಲ್ಲಿಯ ಹಂದಿ ಎಂದೆ. ಹವಾಲ್ದಾರರಿಗೆ ನನ್ನ ಬಗ್ಗೆ ಮೊದಲ ಬಾರಿಗೆ ಸಂಶಯ ಬಂತು.

“ಮತ್ತ ಯಾತಕ್ಕ ಹೊಡಿಯಾವರು?”

“ಕಾಗದಕ್ಕ.”

ಅವರು ನನ್ನನ್ನು ಬಿಟ್ಟು, ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವನ ಕಡೆ ತಿರುಗಿದರು. ನನ್ನ ಮಾವ ಚಚಡಿಯ ರೈತ. ಎತ್ತು ನೋಡುವುದರಲ್ಲಿ ಸುತ್ತಲಿನ ಊರುಗಳಲ್ಲೇ ಹೆಸರಾದವರು. ಇವರ ಕೈಗೆ ಬಂದೂಕು ಕೊಟ್ಟರೆ ಊರಿಗೇನಾದರೂ ಅಪಾಯವಿದೆಯೇ ಎಂದು ಹವಾಲ್ದಾರರು ಗುಟ್ಟಾಗಿ ಕೇಳಿದರು. ಮಾವ ಗುಟ್ಟು ಮಾಡಲಿಲ್ಲ.

“ಕೊಡ್ರಿ ಸಾಹೇಬ್ರ, ಅಂಜಬ್ಯಾಡ್ರಿ. ಸಣ್ಣಾವಿದ್ದಾಗ ಅಂವಗ ಮಾವಿನಗಿಡದ ಕೆಳಗ ಕವಣಿ ಕೊಟ್ಟು ನೋಡೇವಿ. ಕಾಯಿ ದೂರ ಉಳೀತು, ಗಿಡಕ್ಕೂ ಒಂದ ಕಲ್ಲು ಬಡೀಲಿಲ್ಲ.”

ಸ್ವಲ್ಪ ದಿನಗಳಲ್ಲೇ ಲೈಸೆನ್ಸು ಬಂತು. ನನ್ನಿಂದ ಯಾರಿಗೂ ಅಪಾಯವಿಲ್ಲವೆಂದು ಸರಕಾರಕ್ಕೆ ಪೂರ್ತಿ ಖಾತ್ರಿಯಾಗಿತ್ತು.

ಬೆಳಗಾವಿಯಲ್ಲಿ ದನದ ವ್ಯಾಪಾರ

ರೈಫಲ್ಲು ಆರಿಸಲು ಬೆಳಗಾವಿಗೆ ಹೊರಟಾಗ ಮಾವ ತಾವಾಗಿಯೇ ಜೊತೆಗೆ ಬಂದರು. ಜೀವಮಾನದಲ್ಲಿ ಒಂದು ಎತ್ತನ್ನೂ ಕೊಳ್ಳದವನು ಒಬ್ಬನೇ ಹೋಗಿ ಏನು ಆರಿಸಿಯಾನು ಎಂಬುದು ಅವರ ಚಿಂತೆ.

ಅಂಗಡಿಯವರು ಎರಡು ರೈಫಲ್ಲು ಮುಂದಿಟ್ಟರು. ಮೊದಲನೆಯದನ್ನು ಎತ್ತಿ ಹೆಗಲಿಗೆ ಆನಿಸಿದ ಕೂಡಲೇ ಅದು ನನ್ನದೇ ಎನಿಸಿತು. ಹಗುರವಿತ್ತು, ಟ್ರಿಗರ್ ಎನ್ನುವ ಕುದುರೆಯನ್ನು ಎಳೆದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗಿತ್ತು. ಅಷ್ಟರಲ್ಲಿ ಮಾವ ಅದನ್ನು ಕಸಿದುಕೊಂಡು ಬೆನ್ನು ಸವರಿದರು, ಹೊಟ್ಟೆ ತಟ್ಟಿದರು, ಬಾಯಿ ಇಣುಕಿ ನೋಡಿದರು. ಹಿಂಬದಿಯ ಕಟ್ಟಿಗೆಯ ಮೇಲಿನ ಗೆರೆಗಳನ್ನು ಬೆಳಕಿಗೆ ಹಿಡಿದು ಮುಖ ಗಂಟಿಕ್ಕಿದರು.

“ಬ್ಯಾಡ. ಇದರ ಬೆನ್ನಮ್ಯಾಲಿನ ಸುಳಿ ಚೊಲೋ ಇಲ್ಲ. ಮಾಲಕನ್ನ ತಿಂತೈತಿ.”

ಎತ್ತಿನ ಮೈಮೇಲಿನ ಕೂದಲು ಸುತ್ತಿಕೊಂಡ ಸುಳಿ ನೋಡಿ ಶುಭ ಅಶುಭ ಹೇಳುವುದು ನಮ್ಮ ಕಡೆಯ ರೈತರ ವಿದ್ಯೆ. ಇದು ಕಟ್ಟಿಗೆ ಮಾವ, ಇದಕ್ಕೆ ಕೂದಲಿಲ್ಲ ಎಂದು ನಾನು ಗೋಗರೆದೆ. ಸುಳಿ ಸುಳಿಯೇ ಎಂದು ಅವರು ಎರಡನೆಯದನ್ನು ಎತ್ತಿಕೊಂಡರು. ಅದರ ಕಟ್ಟಿಗೆಯ ಮೇಲೆ ಶಂಖದಂಥ ಒಂದು ಸುಳಿ ಕಂಡು ಅವರ ಕಣ್ಣು ತುಂಬಿ ಬಂತು. ಅಂಥದೇ ಸುಳಿಯ ಎತ್ತು ಅವರ ಅಪ್ಪನ ಕಾಲದಲ್ಲಿ ಮನೆಯಲ್ಲಿತ್ತಂತೆ. ಅಂಗಡಿಯವರು ಪ್ರಾಮಾಣಿಕರು. ಇದು ಗುಂಡನ್ನು ಸ್ವಲ್ಪ ಎಡಕ್ಕೆ ಎಳೆಯುತ್ತದೆ ಎಂದು ಮೊದಲೇ ಹೇಳಿದರು. ಎಡಕ್ಕೆ ಎಳೆಯುವುದನ್ನು ನೊಗದ ಎಡಕ್ಕೇ ಹೂಡಿದರಾಯಿತು ಎಂದು ಮಾವ ಅವರಿಗೇ ಬುದ್ಧಿ ಹೇಳಿದರು.

ಇನ್ನು ಬೆಲೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತಾರೆ. ಮಾವ ಹೆಗಲ ಮೇಲಿನ ಟವೆಲ್ಲನ್ನು ಅಂಗಡಿಯವರ ಕೈಮೇಲೆ ಹಾಸಿ, ಒಳಗೆ ಕೈ ತೂರಿಸಿ, ಅವರ ಬೆರಳುಗಳನ್ನು ಒಂದೊಂದಾಗಿ ಹಿಸುಕತೊಡಗಿದರು. ನಡುನಡುವೆ ಕಣ್ಣು ಮುಚ್ಚಿ ತಲೆಯಾಡಿಸಿದರು. ಅಂಗಡಿಯವರು ಪೇಟೆಯಲ್ಲೇ ಹುಟ್ಟಿ ಬೆಳೆದವರು. ಕೈ ಬಿಡಿಸಿಕೊಳ್ಳಲಿಲ್ಲ, ಉಸಿರು ಬಿಗಿಹಿಡಿದು ನಿಂತೇ ಇದ್ದರು. ಕಡೆಗೆ ನನ್ನ ಕಡೆ ಬಾಗಿ, ಹೆದರಿದ ದನಿಯಲ್ಲಿ ಕೇಳಿದರು:

“ನಾಡಿ ನೋಡಿ ಸಕ್ಕರಿ ಬ್ಯಾನಿ ಐತಿ ಅಂತಾರೇನ್ರಿ ವೈದ್ಯರು?”

ಗಲ್ಲದ ಮೇಲಿನ ಗಿಳಿ

ನನ್ನ ಕತ್ತು ಉದ್ದ. ಗುರಿ ನೋಡಲು ಬಗ್ಗಿದರೆ ಮಾವ ಕೊಡಿಸಿದ ಆ ಶಂಖದ ಸುಳಿಯ ರೈಫಲ್ಲಿನ ಕಟ್ಟಿಗೆ ಗಲ್ಲಕ್ಕೆ ತಾಕುತ್ತಲೇ ಇರಲಿಲ್ಲ. ಗಲ್ಲ ಆನಿಸುವ ಜಾಗವನ್ನು ಸ್ವಲ್ಪ ಎತ್ತರಿಸಬೇಕಿತ್ತು. ಚಚಡಿಯಲ್ಲಿ ಮಾವನ ಮನೆಯ ಬಾಗಿಲು ಮಾಡಿದ ಬಡಿಗರ ಹತ್ತಿರ ಹೋಗಿ, ಇಲ್ಲೊಂದು ನುಣುಪಾದ ಕಟ್ಟಿಗೆ ತುಂಡು ಕೂರಿಸಿಕೊಡಿ ಎಂದೆ. ಮಾವನ ಮನೆಯಲ್ಲಿ ಉಂಡು, ಮಲಗಿ, ಸಂಜೆ ಬಂದು ನೋಡಿದರೆ ಅಲ್ಲೊಂದು ಗಿಳಿ ಕೂತಿತ್ತು. ರೆಕ್ಕೆ, ಬಾಲ, ಕೊಕ್ಕಿನಲ್ಲಿ ಒಂದು ಹಣ್ಣು, ಎಲ್ಲವೂ ಎದ್ದು ಕಾಣುವ ಹಾಗೆ ಕೆತ್ತಿದ್ದರು.

ಇದನ್ನು ಯಾರು ಕೇಳಿದ್ದರು ಎಂದು ರೇಗಿದೆ. ಬಡಿಗರು ಉಳಿ ಕೆಳಗಿಟ್ಟು ನನ್ನನ್ನೇ ಬೈದರು.

“ಊರ ಅಳಿಯಾರು ನೀವು. ಬೋಳು ಕಟಗಿ ಕೊಟ್ಟ ಕಳಿಸಿದ್ರ ನಮ್ಮ ಊರಿನ ಮಾನ ಏನಾಕ್ಕೈತಿ?”

ಊರಿನ ಮಾನ ನನ್ನ ಗಲ್ಲದ ಮೇಲೆ ಮೂಡತೊಡಗಿತು. ಗುರಿ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಲೆಂದು ದಿನಾ ಬೆಳಿಗ್ಗೆ ಖಾಲಿ ರೈಫಲ್ಲಿಗೆ ಗಲ್ಲ ಒತ್ತಿ ಹಿತ್ತಲಲ್ಲಿ ನಿಲ್ಲುತ್ತಿದ್ದೆ. ಅಂಗಡಿಗೆ ಹೋಗುವ ಹೊತ್ತಿಗೆ ಬಲಗಲ್ಲದ ಮೇಲೆ ಕೆಂಪು ಗಿಳಿ. ಹರಾಜಿನ ಸವಾಲು ಕೂಗುವ ಹೊತ್ತಿನಲ್ಲಿ ಜನ ಹತ್ತಿಯನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು. ಹಿರಿಯ ವ್ಯಾಪಾರಿಯೊಬ್ಬರು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸೌಖ್ಯವೇ, ಹೆಂಗಸರು ಕೈ ಮಾಡಿದರೆ ತಿರುಗಿ ಮಾತಾಡಬಾರದು, ತಾವೂ ಹೀಗೆಯೇ ಸಂಸಾರ ಮಾಡಿದ್ದು ಎಂದು ಬೆನ್ನು ತಟ್ಟಿದರು.

ಸುದ್ದಿ ಸಂಜೆಯೊಳಗೆ ಹೆಂಡತಿಗೆ ಮುಟ್ಟಿತು. ಅವಳು ನನ್ನ ಗಲ್ಲ ಹಿಡಿದು ತಿರುಗಿಸಿ ನೋಡಿ ಹೇಳಿದಳು: “ಅವರಿಗೆ ಹೇಳ್ರಿ, ನಾ ಹೊಡದಿದ್ರ ಬೆರಳು ಮೂಡತಿದ್ದು, ಗಿಳಿ ಅಲ್ಲ ಅಂತ.”

ತಂಬೂರಿಯ ಪಯಣ

ಗುರಿ ಕಲಿಸಲು ಒಬ್ಬರು ಸಿಕ್ಕರು. ತೊರಗಲ್ಲಿನಲ್ಲಿದ್ದ ನಿವೃತ್ತ ಸುಭೇದಾರರು. ಅವರ ಹೊಲದಲ್ಲಿ ಎತ್ತರದ ಮಣ್ಣಿನ ಒಡ್ಡಿತ್ತು, ಅದರ ಮುಂದೆ ಕಾಗದ ಕಟ್ಟಿ ಹೊಡೆಯಬಹುದಿತ್ತು. ಆದರೆ ಅಲ್ಲಿಯವರೆಗೆ ರೈಫಲ್ಲನ್ನು ಬಸ್ಸಿನಲ್ಲಿ ಒಯ್ಯಬೇಕು. ಜನ ಹೆದರಬಾರದೆಂದು ಹೆಂಡತಿ ಬಟ್ಟೆಯ ಚೀಲದಂಥ ಒಂದು ಗವಸಣಿಗೆ ಹೊಲಿದಳು. ಅಳತೆಗೆ ಬೇರೇನೂ ಸಿಗದೆ ಓಣಿಯ ಭಜನಾ ಮಂಡಳಿಯ ತಂಬೂರಿಯ ಗವಸಣಿಗೆ ತಂದಿದ್ದಳು. ಕೆಳಗೆ ಉಳಿದ ಗುಂಡನೆಯ ಜಾಗಕ್ಕೆ ಅರಳೆ ತುಂಬಿದಳು. ಹೆಗಲಿಗೆ ಹಾಕಿಕೊಂಡರೆ ನಾನು ಸಾಕ್ಷಾತ್ ಭಜನೆಗೆ ಹೊರಟವನೇ.

ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡದಿಂದ ದರ್ಶನ ಮುಗಿಸಿಕೊಂಡು ಬಂದ ಹೆಂಗಸರ ಗುಂಪೊಂದು ಹತ್ತಿತು. ಜೊತೆಗೊಬ್ಬರು ಮುದುಕರು. ಹಣೆಯ ಮೇಲೆ ವಿಭೂತಿ, ಪಕ್ಕದಲ್ಲಿ ತಂಬೂರಿ ಇರುವ ನನ್ನನ್ನು ನೋಡಿ, ಶರಣರೇ ಒಂದು ಪದ ಹೇಳಿ ಎಂದು ಗಂಟುಬಿದ್ದರು. ತುಂಬಿದ ಬಸ್ಸಿನಲ್ಲಿ ಇದು ಬಂದೂಕು ಎಂದು ಹೇಳಿದರೆ ಜನ ಕಿಟಕಿಯಿಂದ ಹಾರುತ್ತಾರೆ. ಗಂಟಲು ಸರಿಯಿಲ್ಲ ಎಂದೆ, ಅಜ್ಜಿಯೊಬ್ಬರು ಯಾಲಕ್ಕಿ ಕೊಟ್ಟರು. ತಂತಿ ಹರಿದಿದೆ ಎಂದೆ, ಹಾಗೆಯೇ ಹಾಡಿ ಎಂದರು. ಕಂಡಕ್ಟರು ಕೂಡ ಟಿಕೀಟು ಹರಿಯುವುದನ್ನು ನಿಲ್ಲಿಸಿ ಕಾಯುತ್ತ ನಿಂತ. ಬೇರೆ ದಾರಿ ಇಲ್ಲದೆ, ಶ್ರಾವಣದಲ್ಲಿ ಕೇಳಿದ್ದ ಒಂದು ಪದವನ್ನು ನೆನಪಿದ್ದಷ್ಟು ಹಾಡಿದೆ.

ಕಂಡಕ್ಟರು ಮತ್ತೆ ಟಿಕೀಟು ಹರಿಯತೊಡಗಿದ. ಮುದುಕರು ನನ್ನ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಹೇಳಿದರು: “ತಂತಿ ರಿಪೇರಿ ಮಾಡಸೂ ಅವಸರ ಏನಿಲ್ಲರಿ. ಮೊದಲ ಗಂಟಲದ್ದು ನೋಡ್ರಿ.”

ತೊರಗಲ್ಲಿನಲ್ಲಿ ಸುಭೇದಾರರು ರೈಫಲ್ಲು ಪರೀಕ್ಷಿಸಿ, ನಳಿಗೆಯ ಮೇಲೆ ಗುರಿ ನೋಡಲು ಇರುವ ಹಿಂದಿನ ಕಚ್ಚನ್ನು ಸಡಿಲಿಸಿ, ಬಲಕ್ಕೆ ಸರಿಸಿ ಬಿಗಿದರು. ನೋಡಲು ಸೊಟ್ಟಗೆ ಕಂಡರೂ ಗುಂಡು ಎಡಕ್ಕೆ ಹೋಗುವುದು ನಿಂತು, ಕರಿ ಚಿಕ್ಕೆಯೊಳಗೆ ಬೀಳತೊಡಗಿತು. ನಾನು ಕುಣಿದಾಡುವುದೊಂದು ಬಾಕಿ. ಬನ್ನಿ ಹಬ್ಬದ ದಿನ ಹವ್ಯಾಸಿಗಳಿಗಾಗಿ ಇದೇ ಹೊಲದಲ್ಲಿ ಪಂದ್ಯ ಇಡುತ್ತೇನೆ, ಗೆದ್ದವರಿಗೆ ಸ್ಟೀಲಿನ ಕೊಡ ಎಂದು ಅವರು ಹೇಳಿದಾಗ ಕೊಡ ಆಗಲೇ ನನ್ನ ಅಡುಗೆಮನೆಯಲ್ಲಿ ಕೂತಂತಾಯಿತು.

ಠಾಣೆಯ ಬೀಗ

ಆ ಕಾಲದಲ್ಲಿ ಸರಕಾರಗಳು ನಮ್ಮೂರ ಕರೆಂಟಿನ ಹಾಗೆ ಬಂದು ಹೋಗುತ್ತಿದ್ದವು. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು. ನನ್ನ ರೈಫಲ್ಲು ಮನೆಗಿಂತ ಹೆಚ್ಚು ಠಾಣೆಯಲ್ಲೇ ಬಾಳಿತು. ಬನ್ನಿಯ ಹಿಂದಿನ ದಿನದ ಆಯುಧಪೂಜೆ, ಖಂಡೇನವಮಿ, ಎದುರಿಗೆ ಬಂದಾಗ ಬಿಡಿಸಿಕೊಳ್ಳಲು ಹೋದರೆ, ಅದೇ ಹವಾಲ್ದಾರರು ಬೀಗ ತೆಗೆಯದೆ ದಿನಪತ್ರಿಕೆ ಮಡಿಸಿಟ್ಟು ಹೇಳಿದರು:

“ಒಯ್ಯತೀರೇನು? ಸರಕಾರ ಗಟ್ಟಿ ಇದ್ದಂಗ ಕಾಣಂಗಿಲ್ಲ. ಸುಮ್ಮ ಇಲ್ಲೇ ಇರಲಿ ಬಿಡ್ರಿ, ಎರಡ ಸಲ ಹೊರೂದು ತಪ್ಪತೈತಿ.”

ಬನ್ನಿ

ಖಂಡೇನವಮಿಯಂದು ನಾನು ಅಂಗಡಿಯ ತಕ್ಕಡಿ ಪೂಜೆಗೆ ಹೋದಾಗ ಹೆಂಡತಿ ಮನೆಯಲ್ಲಿ, ಠಾಣೆಯಿಂದ ಹೇಗೋ ಬಿಡಿಸಿ ತಂದಿದ್ದ ರೈಫಲ್ಲಿನ ಪೂಜೆ ಮುಗಿಸಿದ್ದಳು. ನಳಿಗೆಗೆ ವಿಭೂತಿಯ ಪಟ್ಟೆ, ಗಿಳಿಗೆ ಕುಂಕುಮ, ತುದಿಗೆ ಚೆಂಡುಹೂವಿನ ಮಾಲೆ. ಬನ್ನಿ ಮುಡಿಯುವವರೆಗೆ ಒರೆಸಬಾರದೆಂದು ತಾಕೀತು ಬೇರೆ. ಮರುದಿನ ಪಂದ್ಯಕ್ಕೆ ಒರೆಸದೆಯೇ ಒಯ್ದೆ. ಅಂದು ಸೋತರೆ ಅದು ಮರಳಿ ಬೆಳಗಾವಿಯ ಅಂಗಡಿಗೆ ಹೋಗುವುದು ಖಂಡಿತವಿತ್ತು.

ಮಾವನೂ ನೋಡಲು ಬಂದಿದ್ದರು. ಹಬ್ಬದ ದಿನ, ನೀವೂ ಒಂದು ಕೈ ನೋಡಿ ಎಂದು ಸುಭೇದಾರರು ತಮ್ಮ ರೈಫಲ್ಲು ಕೊಟ್ಟು, ಪಕ್ಕದಲ್ಲೇ ಕೂತು ಹಿಡಿಯುವುದನ್ನು ತೋರಿಸಿದರು. ಒಡ್ಡಿನ ಮುಂದೆ ಕಾಗದಗಳು ಒತ್ತೊತ್ತಾಗಿ ತೂಗುತ್ತಿದ್ದವು. ನನ್ನ ಕಾಗದದ ಎಡಬದಿಗೆ ಮಾವನದು. ಮಾವ ಪ್ರತಿ ಸಲವೂ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ, ಎಲ್ಲಮ್ಮನನ್ನು ನೆನೆದು ಹೊಡೆದರು. ನಾನು ಉಸಿರು ಹಿಡಿದು, ಕಲಿತದ್ದನ್ನೆಲ್ಲ ನೆನಪಿಸಿಕೊಂಡು ಹೊಡೆದೆ. ಇಷ್ಟು ಚೆನ್ನಾಗಿ ನಾನು ಎಂದೂ ಹೊಡೆದಿರಲಿಲ್ಲ, ಅದು ನನಗೇ ಗೊತ್ತಾಗುತ್ತಿತ್ತು.

ಕಾಗದ ತಂದರು. ನನ್ನದು ಮಡಿ ಬಟ್ಟೆಯಂತೆ ಸ್ವಚ್ಛವಾಗಿತ್ತು. ಮಾವನ ಕಾಗದದಲ್ಲಿ ಕರಿ ಚಿಕ್ಕೆ ಜರಡಿಯಾಗಿತ್ತು. ರಾಮದುರ್ಗದಿಂದ ಪಂದ್ಯಕ್ಕೆ ಬಂದವರು ಮಾವನನ್ನು ಎತ್ತಿ ಕುಣಿದರು. ಸ್ಟೀಲಿನ ಕೊಡ ಮಾವನ ಹೆಗಲೇರಿತು. ಸುಭೇದಾರರು ಮಾತ್ರ ನನ್ನ ರೈಫಲ್ಲನ್ನೇ ನೋಡುತ್ತಿದ್ದರು. ಹತ್ತಿರ ಬಂದು, ಹಿಂದಿನ ಕಚ್ಚಿನ ಮೇಲಿನ ವಿಭೂತಿಯನ್ನು ಬೆರಳಿನಿಂದ ಸರಿಸಿ ತೋರಿಸಿದರು. ನಾವು ಸೊಟ್ಟಗೆ ಕೂರಿಸಿದ್ದ ಕಚ್ಚು ನೆಟ್ಟಗೆ ನಿಂತಿತ್ತು. ನನ್ನ ಗುಂಡುಗಳೆಲ್ಲ ಎಡಕ್ಕೆ ಹೋಗಿ ಮಾವನ ಕಾಗದದಲ್ಲಿ ಬಿದ್ದಿದ್ದವು, ಮಾವನ ಗುಂಡೆಲ್ಲ ಒಡ್ಡಿನ ಮಣ್ಣಿನಲ್ಲಿ. ಪಕ್ಕದವರ ಕಾಗದಕ್ಕೆ ಹೊಡೆದದ್ದು ಲೆಕ್ಕಕ್ಕಿಲ್ಲ. ಬಾಯಿ ಬಿಟ್ಟರೆ ಮಾವನ ಮಾನ ಹೋಗುತ್ತದೆ, ನನಗೇನೂ ಬರುವುದಿಲ್ಲ. ದುಃಖವನ್ನು ನುಂಗಿಕೊಂಡು ಚಪ್ಪಾಳೆ ತಟ್ಟಿದೆ.

ಸಂಜೆ ಬೈಲಹೊಂಗಲಕ್ಕೆ ಬಂದೆವು. ಮಾವ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಹೊಡೆಯುವ ವಿದ್ಯೆಯನ್ನು ಮಗಳಿಗೆ ವಿವರಿಸಿದರು. ನಾನು ಅಂಗಡಿಗೆ ಮರಳಿಸಲು ರೈಫಲ್ಲು ಒರೆಸುತ್ತ ಕೂತೆ. ಈ ಕಚ್ಚನ್ನು ಯಾರಾದರೂ ಮುಟ್ಟಿದ್ದರೇ ಎಂದು ಸುಮ್ಮನೆ ಕೇಳಿದೆ.

“ನಾನ ಮುಟ್ಟೀನಿ,” ಎಂದಳು ಹೆಂಡತಿ. “ಪೂಜಾದಾಗ ಸೊಟ್ಟ ಸಾಮಾನ ಇಡತಾರೇನ್ರಿ? ಹೊಲಗಿ ಮಿಷನ್ನಿನ ತಿರುಪಳಿಲೆ ನೆಟ್ಟಗ ಮಾಡಿಟ್ಟೆ.”

ನಾನು ಹಣೆ ಹಣೆ ಬಡಿದುಕೊಂಡೆ. ಗುಂಡುಗಳು ಯಾವ ದಾರಿಯಲ್ಲಿ ಹೋದವೆಂಬ ಕಥೆ ಬಾಯಿಂದ ಹೊರಬಿದ್ದೇಹೋಯಿತು. ಮಾವ ಕೊಡವನ್ನು ಇನ್ನಷ್ಟು ಅವಚಿಕೊಂಡರು. ಹೆಂಡತಿ ಅಪ್ಪನ ತೊಡೆಯ ಮೇಲಿನಿಂದ ಕೊಡವನ್ನು ಎತ್ತಿಕೊಂಡಳು.

“ಗುಂಡು ಇವರದು, ಹಾಳಿ ನಿಂದು, ಕೂಡಿಸಿದಾಕಿ ನಾ. ಕೊಡ ನಂದು. ಬಂದೂಕಿನಿಂದ ಮನಿಗೆ ಭಾಂಡೆ ಬಂತಲ್ಲ, ಇರಲಿ ಬಿಡ್ರಿ ಅದೂ ಮನ್ಯಾಗ.”

ರೈಫಲ್ಲು ಉಳಿಯಿತು. ಅವಳು ಕೊಡ ತುಂಬಲು ನಲ್ಲಿಯ ಕಡೆ ಹೋದಳು. ಮಾವ ಬರಿದಾದ ತೊಡೆಯನ್ನು ಸವರಿಕೊಳ್ಳುತ್ತ ನನ್ನನ್ನೂ ರೈಫಲ್ಲನ್ನೂ ಸಂತೆಯ ಎತ್ತು ನೋಡುವ ಹಾಗೆ ನೋಡಿದರು.

“ಬಂದೂಕಿನ ಸುಳಿ ಚೊಲೋ ಐತಿ ಅಂತ ನಾ ಅವತ್ತ ಹೇಳಿದ್ದೆ, ಖರೇ ಆತು. ಮಗಳನ್ನ ಕೊಡೂ ಮುಂದ ಅಳಿಯಂದೂ ಒಂದ ಸಲ ನೋಡಬೇಕಾಗಿತ್ತು ನೋಡು.”